ಕ್ಯಾಂಪಿಂಗ್ ಗಾಡಿಗೆ ಮೊದಲು ರಾಕ್ ಹಾಕಿಸಬೇಡಿ: 61,500 ರೂಪಾಯಿ ಕಳೆದುಕೊಂಡವನ ಎಚ್ಚರಿಕೆ

ಮಾರುತಿಯ ಸಣ್ಣ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ ಕೊಂಡ ಹೊಸತರಲ್ಲಿ, ಅದನ್ನು ಹೊರಗೆ ರಾತ್ರಿ ತಂಗಲು ಸಜ್ಜುಗೊಳಿಸುವುದನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ, ಶಿವಮೊಗ್ಗದ ಒಂದು ಆಕ್ಸೆಸರಿ ಅಂಗಡಿಯ ಮಾಲೀಕರನ್ನೇ ಕೇಳಿದ್ದು ನಾನು ಮಾಡಿದ ಮೊದಲ ತಪ್ಪು. ಮಾರುವವರನ್ನು ಕೇಳಿದರೆ ಅವರ ಅಂಗಡಿಯಲ್ಲಿ ಏನು ಉಳಿದಿದೆಯೋ ಅದೇ ನಮಗೆ ತುರ್ತಾಗಿ ಬೇಕಾದ ವಸ್ತುವಾಗಿಬಿಡುತ್ತದೆ.

ನಾನು ಟೈರಿನ ಬಗ್ಗೆ ಕೇಳಿದ್ದೆ. ಮತ್ತೆ ಹೇಳುತ್ತೇನೆ, ಟೈರಿನ ಬಗ್ಗೆಯೇ ಮೊದಲು ಕೇಳಿದ್ದೆ. “ಕಂಪನಿ ಟೈರೇ ಸಾಕು ಸಾರ್, ಅದೆಲ್ಲ ಆಮೇಲೆ ನೋಡುವ. ಮೊದಲು ಗಾಡಿಗೆ ಒಂದು ಲುಕ್ ಬರಲಿ” ಎಂದರು. ಗಾಡಿಯ ನೆತ್ತಿಯ ಮೇಲೆ ಸಾಮಾನು ಕಟ್ಟುವ ರಾಕಿಗೆ 32,000, ಎಲ್‌ಇಡಿ ಲೈಟ್ ಬಾರ್‌ಗೆ 11,500, ಬಂಪರಿನ ಮುಂದೆ ಕೂರಿಸುವ ಲೋಹದ ಬುಲ್ ಬಾರ್‌ಗೆ 18,000 ರೂಪಾಯಿ. ರಾಕ್ ಅಪ್ಪಟ ಅಲ್ಯೂಮಿನಿಯಂ, ತುಕ್ಕಿನ ಮಾತೇ ಇಲ್ಲ, ಮಲೆನಾಡಿನ ಮಳೆಗೆಂದೇ ಮಾಡಿದ್ದು ಎಂದು ಬೆರಳಿನಿಂದ ಬಡಿದು ತೋರಿಸಿದರು. ನಾನು ತಲೆಯಾಡಿಸಿದೆ. ಬಿಲ್ ಕೇಳಿದರೆ ಜಿಎಸ್‌ಟಿ ಹೊರೆಯಾಗುತ್ತದೆಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು, ಅದಕ್ಕೂ ತಲೆಯಾಡಿಸಿದೆ.

ದಸರಾ ರಜೆಯಲ್ಲಿ ಹೊಸನಗರದ ಕಡೆ ಭಾವನ ಮನೆಯ ಮೇಲಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಡೇರೆ ಹಾಕುವುದೆಂದು ಹೊರಟೆವು. ಹಿಂದಿನ ದಿನ ಮಳೆಯಾಗಿತ್ತು. ಮನೆ ಇನ್ನು ಅರ್ಧ ಕಿಲೋಮೀಟರ್ ಇದೆ ಎನ್ನುವಾಗ ಕೆಮ್ಮಣ್ಣಿನ ಏರಿನಲ್ಲಿ ಟೈರಿನ ಗೀರುಗಳೆಲ್ಲ ಕೆಸರು ತುಂಬಿ ನುಣ್ಣಗಾದವು. ನಾಲ್ಕೂ ಚಕ್ರಗಳಿಗೆ ಹೆಚ್ಚು ಬಲ ಕೊಡುವ ಫೋರ್ ಎಲ್‌ಗೆ ಹಾಕಿದರೂ ಗಾಡಿ ಇದ್ದಲ್ಲೇ ಅಡ್ಡಡ್ಡ ಜಾರಿ ಚರಂಡಿಗೆ ವಾಲಿತು. ನನ್ನ ಬಳಿ ಎಳೆಯುವ ಬೆಲ್ಟ್ ಇಲ್ಲ, ಗುದ್ದಲಿ ಇಲ್ಲ, ಹಿಡಿತ ಸಿಗಲೆಂದು ಟೈರಿನ ಗಾಳಿ ಇಳಿಸಿ ದಾಟಿದರೂ ಮತ್ತೆ ತುಂಬಲು ಕಂಪ್ರೆಸರ್ ಇಲ್ಲ. ಇದ್ದದ್ದು ಲೈಟ್ ಬಾರ್. ಅದು ಇಡೀ ಗುಡ್ಡಕ್ಕೆ ನನ್ನ ಮಾನವನ್ನು ಬೆಳಗಿ ತೋರಿಸುತ್ತಿತ್ತು. ಪಕ್ಕದ ತೋಟದವರ ಹಳೆಯ ಜೀಪು ಬಂದು, ದನ ಕಟ್ಟುವ ಹಗ್ಗ ಎರಡು ಬಾರಿ ತುಂಡಾಗಿ, ಮೂರನೆಯ ಸಲಕ್ಕೆ ಎಳೆಯಿತು.

ಬೆಳಗ್ಗೆ ನೋಡಿದರೆ ಬಿಳಿ ಬಾಗಿಲಿನ ಮೇಲೆ ರಾಕಿನ ಬೋಲ್ಟಿನಿಂದ ಕಂದು ಗೆರೆ ಇಳಿದಿತ್ತು. ಭಾವ ಒಳಗಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತಂದು ರಾಕಿಗೆ ಹಿಡಿದರು. ಟಕ್ಕೆಂದು ಅಂಟಿಕೊಂಡಿತು. “ಎಂತ ಭಾವ, ಅಲ್ಯೂಮಿನಿಯಂಗೆ ಇದು ಅಂಟೂದಿಲ್ಲ ಅಲ್ದಾ?” ಎಂದರು, ನಗದೆ. ಅವರು ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಬಿಚ್ಚಿ ಅಡಿಕೆ ತೂಗುವ ತಕ್ಕಡಿಗೆ ಇಟ್ಟರೆ 46 ಕೆಜಿ. ಈ ಗಾಡಿಯ ಒಟ್ಟು ತೂಕದ ಮಿತಿ 1,545 ಕೆಜಿ, ಖಾಲಿ ಗಾಡಿಯೇ ಸುಮಾರು 1,200. ಉಳಿದದ್ದರಲ್ಲಿ ನಾಲ್ಕು ಜನ ಕುಳಿತರೆ ಸಾಮಾನಿಗೆ ಎಷ್ಟು ಮಿಕ್ಕೀತು? ಅದರಲ್ಲಿ 46 ಕೆಜಿ ಕಬ್ಬಿಣ ನೆತ್ತಿಯ ಮೇಲೆ ಕುಳಿತರೆ ಗಾಡಿ ತಿರುವಿನಲ್ಲಿ ವಾಲದೆ ಏನು ಮಾಡೀತು?

ಅಂಗಡಿಗೆ ಫೋನ್ ಮಾಡಿದೆ. ಬಂದ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: “ಸಾರ್, ನಾನು ಅಲ್ಯೂಮಿನಿಯಂ ಫಿನಿಶ್ ಅಂದಿದ್ದು.” ಫಿನಿಶ್! ಆ ಪದ ಅಂದು ಅವರ ಬಾಯಿಂದ ಬಂದಿರಲಿಲ್ಲ. ಗಾಡಿ ಸಿಕ್ಕಿಹಾಕಿಕೊಂಡದ್ದನ್ನು ಹೇಳಿದರೆ “ಮಳೆಗಾಲದಲ್ಲಿ ಯಾರು ಸಾರ್ ಗುಡ್ಡ ಹತ್ತುತ್ತಾರೆ?” ಎಂದು ನನ್ನನ್ನೇ ಕೇಳಿದರು. ಮಲೆನಾಡಿನ ಮಳೆಗೆಂದೇ ಮಾಡಿದ್ದಲ್ಲವೇ ಎಂದೆ. ಲೈನ್ ಕಟ್ಟಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಲೈಟ್ ಬಾರ್‌ಗೆ ರಿಲೇ (ಹೆಚ್ಚು ಕರೆಂಟನ್ನು ಬೇರೆ ವೈರಿನಲ್ಲಿ ಹಾಯಿಸುವ ಸ್ವಿಚ್ಚು) ಹಾಕದೆ ಹೆಡ್‌ಲೈಟಿನ ವೈರನ್ನೇ ಸುಲಿದು ಟೇಪು ಸುತ್ತಿದ್ದರು. ನೀರು ಇಳಿದು ಫ್ಯೂಸ್ ಹಾರಿದಾಗ, ಸರ್ವಿಸ್‌ನವರು ಆ ಟೇಪನ್ನು ತೋರಿಸಿ ವೈರಿಂಗ್ ವಾರಂಟಿ ಸಿಗುವುದಿಲ್ಲವೆಂದರು. ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರದ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತೆಂದೂ, ಡಿಕ್ಕಿಯಾದಾಗ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳಲು ಅದು ಅಡ್ಡಿಯಾಗಬಹುದೆಂದೂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡವಿದೆಯೆಂದೂ ನನಗೆ ತಿಳಿದದ್ದು ಆಗಲೇ. ದಂಡ ಕಟ್ಟಬೇಕಾದವನು ನಾನು, ಮಾರಿದವರಲ್ಲ.

ಆದ್ದರಿಂದ ಮೊದಲ ಎರಡು ಮೂರು ಪ್ರಯಾಣಗಳನ್ನು ಗಾಡಿ ಶೋರೂಮಿನಿಂದ ಬಂದ ಹಾಗೆಯೇ ಮಾಡಿ. ದುಡ್ಡು ಹಾಕುವುದಾದರೆ ಎಳೆಯುವ ಬೆಲ್ಟ್, ಅದನ್ನು ಗಾಡಿಗೆ ಸಿಕ್ಕಿಸುವ ಕೊಂಡಿ ಅಂದರೆ ಶ್ಯಾಕಲ್, ಗುದ್ದಲಿ, ಸಣ್ಣ ಕಂಪ್ರೆಸರ್, ಒಂದು ಗಟ್ಟಿ ಟಾರ್ಪಾಲು. ಆಮೇಲೆ ಕಂಪನಿಯ ಅಳತೆಯಲ್ಲೇ ರಸ್ತೆಗೂ ಮಣ್ಣುದಾರಿಗೂ ಆಗುವ ಒಳ್ಳೆಯ ಆಲ್ ಟೆರೇನ್ ಟೈರ್. ರಾಕ್ ಬೇಕೇ ಎಂಬುದು ಸಾಮಾನು ಒಳಗೆ ಹಿಡಿಯದ ದಿನದ ಪ್ರಶ್ನೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ, ಮತ್ತು ಬಿಲ್ ಇಲ್ಲದೆ ಒಂದು ಪೈಸೆಯನ್ನೂ ಕೊಡಬೇಡಿ; ಆ ಚೀಟಿಯಲ್ಲಿ ಅಂಗಡಿಯ ಹೆಸರು ಕೂಡ ಇಲ್ಲದ್ದರಿಂದ ನನಗೆ ಗ್ರಾಹಕರ ಆಯೋಗಕ್ಕೆ ಹೋಗುವ ಧೈರ್ಯವೂ ಬರಲಿಲ್ಲ.

ಹಣ ವಾಪಸ್ ಕೊಡಿ ಎಂದು ಕಳುಹಿಸಿದ ಆರನೆಯ ವಾಟ್ಸ್‌ಆ್ಯಪ್ ಸಂದೇಶಕ್ಕೆ ಮೊನ್ನೆ ಉತ್ತರ ಬಂತು: “ಹೊಸ ಮಾಡೆಲ್ ರಾಕ್ ಬಂದಿದೆ ಸಾರ್. ಹಳೆಯದು ತನ್ನಿ, 4,000ಕ್ಕೆ ಎಕ್ಸ್‌ಚೇಂಜ್ ಮಾಡಿಕೊಡುತ್ತೇನೆ.”