ಹೊರಡುವ ಮೊದಲೇ ರಸ್ತೆ ನೋಡಿಕೊಳ್ಳುವುದು: ಸ್ಟ್ರೀಟ್ ವ್ಯೂ ಮತ್ತು ಡ್ಯಾಶ್‌ಕ್ಯಾಮ್ ವಿಡಿಯೊ

ಗೊತ್ತಿಲ್ಲದ ಕಡೆಗೆ ಕಾರು ತೆಗೆಯುವ ಮುನ್ನ, ರಸ್ತೆಯ ಮೇಲೆ ನಿಂತು ನೋಡಿದಂತೆ ಸುತ್ತಲಿನ ಚಿತ್ರ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ದಾರಿ ನೋಡಿಕೊಳ್ಳುವುದು ನನಗೆ ವರ್ಷಗಳಿಂದ ರೂಢಿ. ಯೂಟ್ಯೂಬ್‌ನಲ್ಲಿ ಸಿಕ್ಕರೆ ಅದೇ ರಸ್ತೆಯ ಡ್ಯಾಶ್‌ಕ್ಯಾಮ್ ವಿಡಿಯೊವನ್ನೂ, ಅಂದರೆ ಕಾರಿನ ಮುಂಗಾಜಿನ ಬಳಿಯ ಕ್ಯಾಮೆರಾ ಚಾಲನೆಯಲ್ಲೇ ತೆಗೆದ ವಿಡಿಯೊವನ್ನೂ ನೋಡುತ್ತೇನೆ. ಇಷ್ಟು ಕಾಲ ಬಳಸಿದ ಮೇಲೆ ಹೇಳುವುದಾದರೆ, ಇಡೀ ದಾರಿ ನೋಡುತ್ತಾ ಕೂರುವ ಅಗತ್ಯವೇ ಇಲ್ಲ. ನೇರ ಹೆದ್ದಾರಿಯಲ್ಲಿ ನೋಡುವಂಥದ್ದೇನೂ ಇರುವುದಿಲ್ಲ. ದಾರಿ ಕವಲೊಡೆಯುವ ಜಾಗಗಳು ಮತ್ತು ಕೊನೆಯ ಅರ್ಧ ಕಿಲೋಮೀಟರು, ಇವಿಷ್ಟನ್ನು ನೋಡಿಕೊಂಡರೆ ಸಾಕು.

ಫ್ಲೈಓವರ್ ಮತ್ತು ಅದರ ಪಕ್ಕದ ಸರ್ವಿಸ್ ರಸ್ತೆಯನ್ನೇ ತೆಗೆದುಕೊಳ್ಳಿ. ನಕ್ಷೆಯಲ್ಲಿ ಎರಡೂ ಒಂದರ ಮೇಲೊಂದು ಬಿದ್ದಿರುತ್ತವೆ. ನಕ್ಷೆಯ ಮೇಲೆ ಎಳೆದು ಬಿಟ್ಟರೆ ಆ ಜಾಗದ ಚಿತ್ರ ತೆರೆಯುವ ಹಳದಿ ಗೊಂಬೆಯನ್ನು ನಾನು ಕವಲಿನ ಮೇಲೆ ಇಳಿಸುವುದಿಲ್ಲ. ಸಾಕಷ್ಟು ಹಿಂದೆಯೇ ಇಳಿಸಿ ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗುತ್ತೇನೆ. ಮೊದಲ ಬೋರ್ಡು ಎಲ್ಲಿ ಕಾಣುತ್ತದೆ, ನೆಲದ ಮೇಲಿನ ಬಾಣ ಯಾವ ಲೇನಿನಲ್ಲಿದೆ, ತುಂಡು ಗೆರೆ ಮುಗಿದು ಅಖಂಡ ಬಿಳಿ ಗೆರೆ ಎಲ್ಲಿ ಶುರುವಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಲೇನ್ ಬದಲಿಸುವುದು ಆ ಗೆರೆಗೆ ಮುಂಚೆಯೇ ಮುಗಿದಿರಬೇಕು. ಇಲ್ಲಿ ಒಂದು ಎಚ್ಚರ: ಒಂದೇ ಕ್ಲಿಕ್ಕಿಗೆ ಚಿತ್ರ ಮೇಲಿನ ರಸ್ತೆಯಿಂದ ಕೆಳಗಿನದಕ್ಕೆ ಜಾರುವುದುಂಟು.

ಚಿತ್ರ ತೆಗೆದ ತಿಂಗಳು, ವರ್ಷ ಅಲ್ಲೇ ಬರೆದಿರುತ್ತದೆ. ಮೊದಲು ಅದನ್ನು ಓದಬೇಕು. ಮುಂದಿನ ಹೆಜ್ಜೆಗೇ ವರ್ಷ ಬದಲಾಗಬಹುದು. 2014ರಿಂದ ಅದೇ ಜಾಗದ ಹಳೆಯ ಚಿತ್ರಗಳನ್ನೂ ತೆರೆಯಲು ಅವಕಾಶವಿದೆ. ಎರಡನ್ನು ಹೋಲಿಸಿದರೆ ಯಾವುದು ಬಾಳುವ ಗುರುತು ಎಂದು ತಿಳಿಯುತ್ತದೆ. ಅಂಗಡಿಯ ಬೋರ್ಡು ಬದಲಾಗುತ್ತಲೇ ಇರುತ್ತದೆ, ನೀರಿನ ಟ್ಯಾಂಕು ಅಲುಗುವುದಿಲ್ಲ. ನಾನು ಟ್ಯಾಂಕನ್ನೇ ನೆನಪಿಟ್ಟುಕೊಳ್ಳುತ್ತೇನೆ.

ಎರಡು ಮಿತಿಗಳು ಯಾವಾಗಲೂ ಮನಸ್ಸಿನಲ್ಲಿರಲಿ. ಕ್ಯಾಮೆರಾ ಇರುವುದು ಕಾರಿನ ಮೇಲೆ, ಸುಮಾರು 2.5 ಮೀಟರ್ ಎತ್ತರದಲ್ಲಿ. ಬೇಲಿಯಾಚೆಗೆ ಅದಕ್ಕೆ ಕಂಡ ಗೇಟು ಸೀಟಿನಲ್ಲಿ ಕೂತ ನಮಗೆ ಕಾಣಬೇಕೆಂದಿಲ್ಲ. ಇನ್ನೊಂದು, ಅಗಲ ಕೋನದ ಚಿತ್ರದಲ್ಲಿ ಏರು ಸಪಾಟಾಗಿ ಕಾಣುತ್ತದೆ. ಭಾರದ ಗಾಡಿಯವರು ಗೂಗಲ್ ಅರ್ತ್‌ನಲ್ಲಿ ಎತ್ತರವನ್ನೂ ನೋಡಿಕೊಳ್ಳುವುದು ಒಳ್ಳೆಯದು.

ನಿಂತ ಚಿತ್ರ ಕೊಡಲಾಗದ್ದನ್ನು ವಿಡಿಯೊ ಕೊಡುತ್ತದೆ, ಅದು ಸಮಯ. ಬೋರ್ಡು ಕಂಡ ಮೇಲೆ ತಿರುವು ಬರುವುದಕ್ಕೆ ಎಷ್ಟು ಸೆಕೆಂಡು ಸಿಗುತ್ತದೆ, ಪಕ್ಕದ ಲೇನಿನಿಂದ ವಾಹನಗಳು ಹೇಗೆ ನುಗ್ಗುತ್ತವೆ, ರಾತ್ರಿ ಮಳೆಯಲ್ಲಿ ನೆಲದ ಗೆರೆ ಕಾಣುತ್ತದೋ ಇಲ್ಲವೋ. ಸ್ಟ್ರೀಟ್ ವ್ಯೂ ಹೆಚ್ಚಾಗಿ ಹಗಲಿನ ಲೋಕ. ವೇಗ ಹೆಚ್ಚಿಸಿದ ವಿಡಿಯೊಗಳಿಂದ ಈ ಕೆಲಸಕ್ಕೆ ಪ್ರಯೋಜನವಿಲ್ಲ. ಸಹಜ ವೇಗದ್ದನ್ನೇ ಹುಡುಕಿ. ಕಂಪ್ಯೂಟರಿನಲ್ಲಾದರೆ ನಿಲ್ಲಿಸಿ, ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಸಬಹುದು. ಕಣ್ಣು ತಪ್ಪಿಸಿದ ಬೋರ್ಡು ಹೀಗೆ ಸಿಗುತ್ತದೆ.

ಗೂಗಲ್ ಕಾರು ಹೋಗದ ಸಣ್ಣ ರಸ್ತೆಗಳಿಗೆ ಮ್ಯಾಪಿಲರಿ ನೋಡಿ. 2013ರಲ್ಲಿ ಸ್ವೀಡನ್ನಿನಲ್ಲಿ ಶುರುವಾಗಿ 2020ರಲ್ಲಿ ಫೇಸ್‌ಬುಕ್ ಕೈಸೇರಿದ ಸೇವೆ ಇದು; ಜನರೇ ಚಿತ್ರ ತೆಗೆದು ಏರಿಸುತ್ತಾರೆ. ಗುಣಮಟ್ಟ ಒಂದೇ ಸಮ ಇರುವುದಿಲ್ಲ, ಎಷ್ಟೋ ಸಲ ಎದುರು ದಿಕ್ಕಿನ ಚಿತ್ರವಷ್ಟೇ ಸಿಗುತ್ತದೆ. ಆದರೂ ತಿರುವಿನಲ್ಲಿ ಎದುರಿನ ಗಾಡಿಗೆ ಜಾಗ ಬಿಡಲು ಅಂಚು ಇದೆಯೇ ಎಂದು ತಿಳಿಯಲು ಅಷ್ಟೇ ಸಾಕು.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ದಾರಿಯ ಪ್ರತಿ ತಿರುವಿನ ಪಕ್ಕದಲ್ಲೇ ಚಿತ್ರದ ಜೊತೆ ಅದು ತೆಗೆದ ದಿನಾಂಕವನ್ನೂ ದಪ್ಪಕ್ಷರದಲ್ಲಿ ತೋರಿಸುವ ದಿನ ಬಂದರೆ ಐದನ್ನೂ ಕೊಡುತ್ತೇನೆ.