ಪೂಲ್ ಕ್ಯೂ ಕೊಂಡು ದುಡ್ಡು ಬೆಳೆಸಲು ಹೊರಟವರು ಇದನ್ನು ಓದಿ

ಶಿವಮೊಗ್ಗದ ನಾವು ಕೆಲವರು ಸೇರಿ ನಾಲ್ಕು ಕಸ್ಟಮ್ ಪೂಲ್ ಕ್ಯೂಗಳಿಗೆ, ಅಂದರೆ ಬಿಲಿಯರ್ಡ್ಸ್ ತರಹದ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲುಗಳಿಗೆ, ದುಡ್ಡು ಕಟ್ಟಿದೆವು. ಅವನ್ನು ಮಾಡುವ ನಾಲ್ವರೂ ಅಮೆರಿಕದ ಹೊಸ ಮೇಕರ್‌ಗಳು, ಇನ್ನೂ ಹೆಸರು ಆಗದವರು. ಈಗ ಸಾವಿರ, ಸಾವಿರದ ಇನ್ನೂರು ಡಾಲರ್‌ಗೆ ಸಿಗುವುದು ಆತನಿಗೆ ಹೆಸರು ಬಂದ ಮೇಲೆ ಮೂರು ಪಟ್ಟಾಗುತ್ತದೆ ಎಂಬುದು ಲೆಕ್ಕ. ಆದದ್ದು ಬೇರೆ. ಒಂದು ಬರಲೇ ಇಲ್ಲ. ಒಂದು ಬಾಗಿತು. ಒಬ್ಬ ಮೇಕರ್ ಲೇತ್ ಮಾರಿ ಬೇರೆ ಕೆಲಸ ಹಿಡಿದ. ನಾಲ್ಕನೆಯದರಲ್ಲಿ ಒಂದು ಕೊಂಕೂ ಇಲ್ಲ, ಆದರೆ ಕೊಳ್ಳುವವರೂ ಇಲ್ಲ.

ಬಾಗಿದ್ದರ ವಿಷಯ ಮೊದಲು, ಮಲೆನಾಡಿನವರಿಗೆ ಅದೇ ಮುಖ್ಯ. ಪೂಲ್ ಕ್ಯೂ ಸುಮಾರು 58 ಇಂಚು, ಎರಡು ತುಂಡು. ಕೆಳಗಿನ ಬಟ್‌ಗೆ ಕಾರಿಗೆ ಹೊಡೆಯುವಂಥ ಗಟ್ಟಿ ಕ್ಲಿಯರ್ ಕೋಟ್ ಇರುತ್ತದೆ. ಮೇಲಿನ ಶಾಫ್ಟ್ ಹಾರ್ಡ್ ಮೇಪಲ್ ಮರದ್ದು. ಕೈಯಲ್ಲಿ ಜಾರಬೇಕಲ್ಲ, ಅದಕ್ಕೆ ತೆಳುವಾದ ಸೀಲರ್, ಮೇಲೊಂದಿಷ್ಟು ಮೇಣ, ಅಷ್ಟೆ. ಒಣ ಹವೆಯ ವರ್ಕ್‌ಶಾಪಿನಲ್ಲಿ ಆ ಮರದೊಳಗಿನ ತೇವ ಶೇ. 6ರ ಆಸುಪಾಸಿನಲ್ಲಿ ನಿಂತಿರುತ್ತದೆ. ಆರಿದ್ರಾದಿಂದ ಪುಷ್ಯದವರೆಗೆ ನಮ್ಮಲ್ಲಿ ಗಾಳಿಯ ತೇವವೇ ಶೇ. 85 ದಾಟುವ ದಿನಗಳಿವೆ. ಅಂಥ ಗಾಳಿಯಲ್ಲಿ ಬಿಟ್ಟ ಮರ ಶೇ. 17-18ರ ಕಡೆಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಶಿವಮೊಗ್ಗ ಪೇಟೆಯಲ್ಲೇ ಹೀಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆ ಕಡೆಯ ಮನೆಯಲ್ಲಿ ಕ್ಯೂ ಇಡುವವರು ಇನ್ನೂ ಯೋಚಿಸಬೇಕು.

ಪೂರ್ತಿ ಅಷ್ಟು ಬೇಡ, 6 ಇದ್ದದ್ದು 12ಕ್ಕೆ ಏರಿತು ಅನ್ನಿ. ಮೇಪಲ್ ಮರ ವರ್ಷದ ಉಂಗುರದ ಗುಂಟ ಉಬ್ಬುವುದು ಉಂಗುರಕ್ಕೆ ಅಡ್ಡ ಉಬ್ಬುವುದರ ಎರಡರಷ್ಟು. 13 ಮಿ.ಮೀ. ಶಾಫ್ಟ್ ಒಂದು ದಿಕ್ಕಿಗೆ ಕಾಲು ಮಿಲಿಮೀಟರ್ ದಪ್ಪವಾದರೆ ಇನ್ನೊಂದು ದಿಕ್ಕಿಗೆ ಅದರ ಅರ್ಧ. ದುಂಡಗಿದ್ದದ್ದು ಮೊಟ್ಟೆಯಾಕಾರ. ಡಿಜಿಟಲ್ ಕ್ಯಾಲಿಪರ್ ಹಿಡಿದು, ಚೆಂಡಿಗೆ ತಾಗುವ ತುದಿಯಾದ ಟಿಪ್ಪಿನ ಹತ್ತಿರ ಒಮ್ಮೆ, ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆದರೆ ಗೊತ್ತಾಗುತ್ತದೆ. ಕ್ಯಾಲಿಪರ್ ಇಲ್ಲದಿದ್ದರೆ ಉಗುರೇ ಸಾಕು: ಎರಡು ತುಂಡು ಕೂಡುವ ಜಾಯಿಂಟಿನ ಹತ್ತಿರ ಲೋಹದ ರಿಂಗ್‌ನಿಂದ ಮರದ ಕಡೆಗೆ ಉಗುರು ಎಳೆಯಿರಿ. ಬಂದ ದಿನ ಎಲ್ಲೂ ತಡೆಯುವುದಿಲ್ಲ. ಜುಲೈ ಕೊನೆಗೆ ಅಲ್ಲೊಂದು ಹೊಸ್ತಿಲು ಎದ್ದಿರುತ್ತದೆ, ಏಕೆಂದರೆ ಮರ ಉಬ್ಬಿದೆ, ಸ್ಟೀಲ್ ಉಬ್ಬಿಲ್ಲ. ಬೇಸಿಗೆಗೆ ಮರ ಇಳಿದಾಗ ಅದೇ ರಿಂಗ್ ಸಡಿಲವಾಗಿ ಆಡತೊಡಗುತ್ತದೆ.

ಉಬ್ಬುವುದು ಒಂದು, ಬಾಗುವುದು ಇನ್ನೊಂದು. ಉಬ್ಬಿದ್ದಕ್ಕೆ ಮಳೆಯನ್ನು ಬೈಯಬಹುದು, ಬಾಗಿದ್ದಕ್ಕೆ ಮೇಕರ್‌ನನ್ನೇ ಕೇಳಬೇಕು. ಶಾಫ್ಟನ್ನು ಒಂದೇ ಸಲಕ್ಕೆ ಅಳತೆಗೆ ಇಳಿಸುವಂತಿಲ್ಲ. ಸ್ವಲ್ಪ ತೆಗೆದು, ವಾರಗಟ್ಟಲೆ ತೂಗುಹಾಕಿ, ಅದು ತನಗೆ ಬೇಕಾದ ಹಾಗೆ ತಿರುಚಿಕೊಂಡ ಮೇಲೆ ಮತ್ತೆ ಸ್ವಲ್ಪ ತೆಗೆಯಬೇಕು. ಹೀಗೆ ಎಂಟು-ಹತ್ತು ಸಲ, ವರ್ಷಕ್ಕೂ ಮೀರಿದ ಕೆಲಸ. ನಮ್ಮ ಹಳೇ ಆಚಾರಿಗಳು ಹಲಗೆಯನ್ನು ಒಲೆ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಮಲಗಿಸುತ್ತಿದ್ದದ್ದೂ ಇದಕ್ಕೇ. ಹೊಸ ಮೇಕರ್‌ನ ಹತ್ತಿರ ಹಾಗೆ ತೂಗುಹಾಕಿದ ನೂರಾರು ಶಾಫ್ಟ್‌ಗಳ ದಾಸ್ತಾನು ಇರುವುದಿಲ್ಲ, ಬಾಡಿಗೆ ಮಾತ್ರ ಪ್ರತಿ ತಿಂಗಳೂ ಇರುತ್ತದೆ. ಆದ್ದರಿಂದ ಮೂರು ತಿಂಗಳಲ್ಲಿ ಮುಗಿಸಿಬಿಡುತ್ತಾನೆ. "ನಿಮ್ಮ ಶಾಫ್ಟ್‌ಗಳನ್ನು ಎಷ್ಟು ಸಲ ಇಳಿಸುತ್ತೀರಿ, ಮೊದಲ ಕಟ್‌ನಿಂದ ಕೊನೆಯ ಕಟ್‌ಗೆ ಎಷ್ಟು ತಿಂಗಳು?" ಎಂದು ಕೇಳಿ. ನೇರ ಉತ್ತರ ಬರದಿದ್ದರೆ ಅಲ್ಲಿಗೇ ಬಿಡಿ. ಬರಿಯ ಶಾಫ್ಟಿನ ಫೋಟೋ ತರಿಸಿಕೊಂಡು ಮರದ ಗೆರೆ ನೋಡಿ. ಜಾಯಿಂಟಿನಲ್ಲಿ ಹೊರಟ ಗೆರೆ ಟಿಪ್ಪಿನವರೆಗೆ ನೇರ ಓಡಬೇಕು. ನಡುವೆ ಪಕ್ಕಕ್ಕೆ ಹೊರಬಿದ್ದರೆ ಅದು ಇವತ್ತಲ್ಲ ನಾಳೆ ಬಾಗುವ ಶಾಫ್ಟ್.

ಪಾರ್ಸೆಲ್ ಬಿಚ್ಚಿದ ದಿನವೇ, ವಿಡಿಯೋ ಮಾಡುತ್ತಾ, ಟೇಬಲ್ ಮೇಲೆ ಮೊದಲು ಶಾಫ್ಟ್ ಒಂದನ್ನೇ ಉರುಳಿಸಿ, ಆಮೇಲೆ ಬಟ್, ಕೊನೆಗೆ ಎರಡೂ ಸೇರಿಸಿ. ಕ್ಯೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ, ಹಾಗಾಗಿ ಕೆಳಗೆ ಬೆಳಕು ಕಾಣುವುದು ಸಹಜ. ನೋಡಬೇಕಾದದ್ದು ಆ ಬೆಳಕಿನ ಗೆರೆ ಉರುಳುವಾಗ ಹಿಗ್ಗಿ ಕುಗ್ಗುತ್ತದೆಯೇ, ಟಿಪ್ ಮೇಲೆ ಕೆಳಗೆ ಕುಣಿಯುತ್ತದೆಯೇ ಎಂದು. ಬಿಡಿಬಿಡಿಯಾಗಿ ಎರಡೂ ನೇರ ಉರುಳಿ, ಸೇರಿಸಿದಾಗ ಕುಣಿದರೆ ತಪ್ಪು ಜಾಯಿಂಟಿನ ಮುಖದಲ್ಲಿದೆ. ಬಟ್ಟನ್ನು ಜಾಯಿಂಟಿನ ತುದಿಯಲ್ಲಿ ಸಡಿಲವಾಗಿ ಹಿಡಿದು ಹಿಡಿಕೆಯ ಕಡೆ ಮುಷ್ಟಿಯಿಂದ ಒಮ್ಮೆ ಗುದ್ದಿ. ಝರ್ ಎಂದು ಸದ್ದು ಬಂದರೆ ಒಳಗಿನ ತೂಕದ ಬೋಲ್ಟ್ ಸಡಿಲವಾಗಿದೆ, ಇಲ್ಲವೇ ಹಿಡಿಕೆ ಮತ್ತು ಮುಂದಿನ ತುಂಡನ್ನು ಕೂಡಿಸುವ ಒಳಸ್ಕ್ರೂ ಸುತ್ತ ಅಂಟು ಸರಿಯಾಗಿ ತುಂಬಿಲ್ಲ. ಬೋಲ್ಟ್ ಆದರೆ ಐದು ನಿಮಿಷದ ಕೆಲಸ. ಅಂಟಿನದ್ದಾದರೆ ಹಿಡಿಕೆಯ ಸುತ್ತು ಬಿಚ್ಚಿ, ಕ್ಯೂವನ್ನೇ ಬೇರ್ಪಡಿಸಬೇಕು.

ಚಂದಕ್ಕೆ ಮರುಳಾಗುವ ಜಾಗ ಪಾಯಿಂಟ್‌ಗಳು, ಅಂದರೆ ಬಟ್ಟಿನ ಮೇಲೆ ಬಾಣದ ಹಾಗೆ ಏರುವ ಬೇರೆ ಬಣ್ಣದ ಮರ. ನಾಲ್ಕೂ ತುದಿ ಒಂದೇ ಎತ್ತರಕ್ಕೆ ನಿಂತಿವೆಯೇ ಎಂದು ಸ್ಕೇಲ್ ಹಿಡಿದು ನೋಡಿ. ಹೆಚ್ಚುಕಮ್ಮಿ ಇದ್ದರೆ ಮರ ಲೇತಿನಲ್ಲಿ ನಡುಮಧ್ಯ ಕೂತಿರಲಿಲ್ಲ ಎಂದರ್ಥ. ತುದಿ ಸೂಜಿಯ ಹಾಗಿದ್ದರೆ V ಆಕಾರದ ತೋಡು ಕೊರೆದು ಕೂಡಿಸಿದ್ದು, ಮೊಂಡಾಗಿ ದುಂಡಗಿದ್ದರೆ ಸಾಮಾನ್ಯವಾಗಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಕಟ್ಟರ್ ಕೊರೆದ ಗುಂಡಿಗೆ ತುಂಬಿದ್ದು. ಎರಡನೆಯದು ಮೋಸವೇನಲ್ಲ, ಮೊದಲನೆಯದರ ಬೆಲೆ ಕೇಳಿದರೆ ಮೋಸ.

ಕೆಲವರು ಪಾಯಿಂಟ್ ಹಾಕಿದ ಬ್ಲ್ಯಾಂಕನ್ನು, ಅಂದರೆ ಅರೆ ಮುಗಿದ ಬಟ್ಟಿನ ಮರವನ್ನು, ಹೊರಗಿನಿಂದ ತಂದು, ತಿರುವಿ, ಪಾಲಿಶ್ ಹೊಡೆದು, ತಮ್ಮ ಸಹಿ ಹಾಕುತ್ತಾರೆ. ಇದೂ ಹೊಸದಲ್ಲ. 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಕ್ಯೂ ಮಾಡಿದ ಅಮೆರಿಕದ ಹೆಸರಾಂತ ಮೇಕರ್ ಜಾರ್ಜ್ ಬಾಲಬುಷ್ಕಾ ಕೂಡ ಬ್ರನ್ಸ್‌ವಿಕ್‌ನ ಟೈಟ್ಲಿಸ್ಟ್ ಬ್ಲ್ಯಾಂಕ್, ಬರ್ಟನ್ ಸ್ಪೇನ್ ಮತ್ತು ಗಸ್ ಜಾಂಬೋಟಿಯವರ ಬ್ಲ್ಯಾಂಕ್ ಬಳಸಿದವರೇ. ಅದು ಸಂಗ್ರಾಹಕರಿಗೆಲ್ಲ ಗೊತ್ತು, ಬೆಲೆಯಲ್ಲೂ ಅದರ ಲೆಕ್ಕವಿದೆ. ಹೊಸಬ ಮುಚ್ಚಿಟ್ಟರೆ ಮಾತ್ರ ತೊಂದರೆ, ಏಕೆಂದರೆ ನೀವು ಮಾರುವ ಹೊತ್ತಿಗೆ ಬಣ್ಣ ಬಯಲಾಗಿರುತ್ತದೆ. ಅಂದ ಹಾಗೆ "ಬಾಲಬುಷ್ಕಾ ಕ್ಯೂ ಈಗ ಎಷ್ಟಕ್ಕೆ ಹೋಗುತ್ತದೆ ನೋಡಿ" ಎಂದು ಹೊಸಬರ ಕ್ಯೂ ಮಾರುವವರ ಮಾತು ಅರ್ಧ ಮಾತ್ರ ನಿಜ. ಅದೇ ಕಾಲದಲ್ಲಿ ಕ್ಯೂ ಮಾಡಿ, ಇವತ್ತು ಯಾರೂ ಕೇಳದವರ ಲೆಕ್ಕವನ್ನು ಅವರು ಕೊಡುವುದಿಲ್ಲ.

ಬರದೇ ಹೋದ ಕ್ಯೂ ಅಡ್ವಾನ್ಸಿನಲ್ಲಿ ಹೋಯಿತು. ಅರ್ಧ ದುಡ್ಡು ಮೊದಲೇ, ಹದಿನೆಂಟು ತಿಂಗಳ ವಾಯಿದೆ. ಪೇಪಾಲ್‌ನಲ್ಲಿ ದೂರು ಕೊಡಲು ಇರುವುದು ದುಡ್ಡು ಕಟ್ಟಿದ ದಿನದಿಂದ 180 ದಿನ. ಅಂದರೆ ಕ್ಯೂ ಬರಬೇಕಾದ ದಿನಕ್ಕೆ ಒಂದು ವರ್ಷ ಮೊದಲೇ ಬಾಗಿಲು ಮುಚ್ಚಿರುತ್ತದೆ. "ಫ್ರೆಂಡ್ಸ್ ಅಂಡ್ ಫ್ಯಾಮಿಲಿ" ಎಂದು ಕಳಿಸಿದರೆ ಆ 180 ದಿನವೂ ಇಲ್ಲ. ಮಾಡಿ ಮುಗಿದ ಕ್ಯೂವನ್ನು ಮಾತ್ರ ಪೂರ್ತಿ ದುಡ್ಡು ಕೊಟ್ಟು ಕೊಳ್ಳಿ. ಮಾಡಿಸಲೇಬೇಕಿದ್ದರೆ ಅಡ್ವಾನ್ಸ್ ಸಣ್ಣದಿರಲಿ, ಉಳಿದದ್ದು ಉರುಳಿಸಿದ ವಿಡಿಯೋ ನೋಡಿದ ಮೇಲೆ.

ಸುಂಕ, ಐಜಿಎಸ್‌ಟಿ ಬೀಳುವುದು ಕ್ಯೂ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ರಿಪೇರಿಗೆ ವಾಪಸ್ ಕಳಿಸುವಾಗ ಕಸ್ಟಮ್ಸ್ ಕಾಗದ ಸರಿಯಾಗಿ ಮಾಡಿಸದಿದ್ದರೆ ಮರಳಿ ಬರುವಾಗ ಮತ್ತೊಮ್ಮೆ ತೆರಬೇಕಾಗುತ್ತದೆ. ಆನೆದಂತದ ಜಾಯಿಂಟ್ ಅಥವಾ ಫೆರೂಲ್ (ಟಿಪ್ಪಿನ ಕೆಳಗಿನ ಬಳೆ) ಇರುವ ಕ್ಯೂ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅದು ಕೇಸು, ದಂಡ ಕಟ್ಟಿ ಬಿಡಿಸಿಕೊಳ್ಳುವ ವಸ್ತು ಅಲ್ಲ. ಹಳೇ ಮನೆ ಬಿಚ್ಚಿದಾಗ ಸಿಕ್ಕ ಬೀಟೆ ತೊಲೆಯ ತುಂಡನ್ನು ಮೇಕರ್‌ಗೆ ಕಳಿಸಿ ಬಟ್ ಮಾಡಿಸೋಣ ಎಂಬ ಯೋಚನೆ ಮಲೆನಾಡಿನಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಬೀಟೆ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ಮೇಲಾಗಿ 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ಕಾಗದವಿಲ್ಲದೆ ಕೊರಿಯರ್‌ಗೆ ಹಾಕಬೇಡಿ.

ಇನ್ನು ಮಾರಾಟ. ನಮ್ಮ ಟೇಬಲ್‌ಗಳಲ್ಲಿ ಆಡುವ ಹುಡುಗರಿಗೆ ಬೇಕಾದದ್ದು 9.5-10 ಮಿ.ಮೀ. ಟಿಪ್ಪಿನ ಆ್ಯಶ್ ಮರದ ಸ್ನೂಕರ್ ಕ್ಯೂ. 13 ಮಿ.ಮೀ. ಪೂಲ್ ಕ್ಯೂ ಅವರ ಕೈಗೆ ಒನಕೆ. ಕೊಳ್ಳುವವರು ಇರುವುದು ಅಮೆರಿಕದಲ್ಲಿ, ಅವರು ಮೊದಲು ಕೇಳುವುದು ಮೂರು: ಇದರಲ್ಲಿ ಆಡಿದ್ದೀರಾ, ಕ್ಯೂ ಜೊತೆ ಬಂದ ಎರಡೂ ಶಾಫ್ಟ್ ಮೂಲದವೇ, ಪಾಲಿಶ್ ಮಾಡಿದ್ದು ಅದೇ ಮೇಕರಾ? ಉಬ್ಬಿದ ಶಾಫ್ಟನ್ನು ನಮ್ಮೂರಿನ ಲೇತಿನಲ್ಲಿ ಉಜ್ಜಿಸಿ "ಸರಿ" ಮಾಡಿಸಿದರೆ ಮೂರನೆಯದಕ್ಕೆ ಉತ್ತರವಿಲ್ಲ. ಮೇಕರ್ ಕೆಲಸ ಬಿಟ್ಟಿದ್ದರೆ ಸರಿಮಾಡುವವರೂ ಇಲ್ಲ. ಆತ ಬಟ್ಟಿಗೂ ಶಾಫ್ಟಿಗೂ ಕೂಡಿಸುವ ಪಿನ್ (ಸ್ಕ್ರೂ) ತನ್ನದೇ ಅಳತೆಯದು ಹಾಕಿದ್ದರೆ ಹೊಸ ಶಾಫ್ಟೂ ಸಿಗುವುದಿಲ್ಲ. 3/8-10ರಂಥ (3/8 ಇಂಚು ದಪ್ಪ, ಇಂಚಿಗೆ 10 ಸುತ್ತು) ಎಲ್ಲೆಡೆ ನಡೆಯುವ ಪಿನ್ ಕೇಳಿ ಹಾಕಿಸಿ.

ಈಗಾಗಲೇ ಕೊಂಡಿದ್ದರೆ ಗೋಡೆಗೆ ಒರಗಿಸಿ ಇಡಬೇಡಿ, ಅಟ್ಟಕ್ಕೆ ಹಾಕಬೇಡಿ, ಜೀಪಿನಲ್ಲಿ ಬಿಡಬೇಡಿ. ಮೂರಿಂಚಿನ ಪಿವಿಸಿ ಪೈಪು, ಮೂರಡಿ ಉದ್ದ, ಎರಡೂ ಕಡೆ ಕ್ಯಾಪ್. ಒಳಗೆ ಬಟ್ಟೆ ಸುತ್ತಿದ ಬಟ್ ಮತ್ತು ಶಾಫ್ಟ್, ಜಾಯಿಂಟಿಗೆ ಪ್ರೊಟೆಕ್ಟರ್, ತೇವ ಹೀರುವ 200 ಗ್ರಾಂ ನೀಲಿ ಸಿಲಿಕಾ ಜೆಲ್, ಮತ್ತೊಂದು ಗಾಳಿಯ ತೇವ ತೋರಿಸುವ ಪುಟ್ಟ ಹೈಗ್ರೋಮೀಟರ್. ಮುಳ್ಳು 45ರಿಂದ 55ರ ನಡುವೆ ಇರಲಿ. 40ಕ್ಕಿಂತ ಕೆಳಗೆ ಹೋದರೆ ಸ್ವಲ್ಪ ಜೆಲ್ ತೆಗೆಯಿರಿ, ಅತಿ ಒಣಗಿದರೂ ಪಾಯಿಂಟಿನ ಅಂಟುಗೆರೆ ಬಿಡುತ್ತದೆ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹೊರತೆಗೆದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾದ ಮೇಲೆ ಆರಿಸಿ ಹಾಕಿ. ಆ ಬಾಣಲೆ ಅಡುಗೆಗೆ ಮತ್ತೆ ಬೇಡ. ಹಿಡಿಕೆಗೆ ಚರ್ಮ ಸುತ್ತಿದ ಕ್ಯೂ ಆದರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಹೊಲಿಗೆಯ ಗುಂಟ ಬಿಳಿ ಬೂಷ್ಟು ಶುರುವಾಗಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗಿಡಿ. ಬಿಸಿಲಿಗೆ ಇಡಬೇಡಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.