ವಿಶ್ವನಾಥ್ ಅಥವಾ ದ್ರಾವಿಡ್: ಬಳ್ಳಾರಿಯ ಎಳೆಯ ಬ್ಯಾಟರ್‌ಗೆ ಯಾರು ಮಾದರಿ?

ಬಳ್ಳಾರಿಯ ಬೇಸಿಗೆ ಶಿಬಿರಗಳಲ್ಲಿ ಬ್ಯಾಟು ಹಿಡಿಯುವ ಮಕ್ಕಳ ಪೋಷಕರು ಮಾದರಿಯೊಂದನ್ನು ಆರಿಸುವಾಗ ಸಾಮಾನ್ಯವಾಗಿ ಮೊದಲು ನೋಡುವುದು ಸರಾಸರಿಯನ್ನು. ಗುಂಡಪ್ಪ ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 41.93ರ ಸರಾಸರಿಯಲ್ಲಿ 6,080 ರನ್ ಗಳಿಸಿದರೆ, ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 52.31ರಂತೆ 13,288 ರನ್ ಕಲೆಹಾಕಿದರು. ಆದರೆ ಈ ಅಂತರವನ್ನು ಹಾಗೆಯೇ ಒಪ್ಪುವುದು ಅನ್ಯಾಯ. ವಿಶ್ವನಾಥ್ ಆಡಿದ ಕಾಲದಲ್ಲಿ ಓವರಿಗೆ ಇಷ್ಟೇ ಬೌನ್ಸರ್ (ಎದೆ-ತಲೆಯ ಎತ್ತರಕ್ಕೆ ಪುಟಿಯುವ ಎಸೆತ) ಎಂಬ ಇಂದಿನ ಮಿತಿ ಇರಲಿಲ್ಲ, ಹೆಲ್ಮೆಟ್ ಬಳಕೆಗೆ ಬಂದದ್ದೂ ಅವರ ವೃತ್ತಿಜೀವನದ ಕೊನೆಯ ವರ್ಷಗಳಲ್ಲಿ.

1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ಇನಿಂಗ್ಸ್‌ನಲ್ಲಿ ಭಾರತ ಗಳಿಸಿದ್ದು 190. ಅದರಲ್ಲಿ 97 ಅಜೇಯ ರನ್ ವಿಶ್ವನಾಥ್ ಅವರದು. ಶತಕವಾಗದ ಆ ಆಟ ಅನೇಕ ದ್ವಿಶತಕಗಳಿಗಿಂತ ದೊಡ್ಡದೆಂದೇ ನನ್ನ ಅಭಿಪ್ರಾಯ. ಚೆಂಡು ಸ್ಟಂಪನ್ನು ದಾಟುವಷ್ಟು ಹೊತ್ತು ಕಾದು, ಕೊನೆಯ ಕ್ಷಣದಲ್ಲಿ ಮಣಿಕಟ್ಟು ತಿರುಗಿಸಿ ಆಡುತ್ತಿದ್ದ ಅವರ ಸ್ಕ್ವೇರ್ ಕಟ್ (ಆಫ್ ಬದಿಗೆ ಅಡ್ಡಲಾಗಿ ಬಾರಿಸುವ ಹೊಡೆತ) ನೋಡಿ ಆನಂದಿಸಬಹುದಾದದ್ದು, ಅನುಕರಿಸುವುದು ಬಲು ಕಷ್ಟ.

ದ್ರಾವಿಡ್ ಆಟವನ್ನಾದರೆ ಬಿಡಿಸಿ ಕಲಿಯಬಹುದು: ತಲೆ ಚೆಂಡಿನ ಮೇಲೆ, ಹಿಡಿತ ಸಡಿಲ, ಚೆಂಡು ಪಾದದ ಬಳಿಯೇ ಬೀಳಬೇಕು. ಟೆಸ್ಟ್‌ನಲ್ಲಿ 31,258 ಎಸೆತ ಎದುರಿಸಿದ ಅವರು 2003ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ ಟೆಸ್ಟ್‌ನಲ್ಲಿ 233 ಮತ್ತು ಅಜೇಯ 72 ಗಳಿಸಿ ಭಾರತವನ್ನು ಗೆಲ್ಲಿಸಿದ್ದು ಇದೇ ಕ್ರಮದಿಂದ. ಹತ್ತು-ಹನ್ನೆರಡರ ಮಗುವಿಗೆ ದ್ರಾವಿಡರನ್ನೇ ಆರಿಸಿ. ರಕ್ಷಣೆ ಗಟ್ಟಿಯಾದ ಮೇಲೆ ವಿಶ್ವನಾಥರ ಆಟವನ್ನು ತೋರಿಸಿ.